ಹ್ಯಾಂಡಲ್ ಹೊಡೆದ ಅಜ್ಜಿ

"ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ್ರಿ! ಹ್ಯಾಂಡ್ಲು ವಾಪಸ್ ಹೊಡುದ್ರೆ ಬೆರಳು ಮುರುದೇ ಹೋಗ್ತೈತೆ!"

ಹೊಸದುರ್ಗದ ಕಾಯಿ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಕರಿಯಮ್ಮಜ್ಜಿ ಕೂಗಿದಾಗ, ನಾನು ಬೆವರು ಸುರಿಸುತ್ತಾ ಬೆಡ್‌ಫೋರ್ಡ್ ಲಾರಿಯ ಮುಂದೆ ನಿಂತಿದ್ದೆ. ಮಂಡಿಯ ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಆ ಹಳೇ ಬ್ರಿಟಿಷ್ ಲಾರಿಯನ್ನು ಕೊಂಡು ಎರಡು ವರ್ಷ ರಿಪೇರಿ ಮಾಡಿಸಿದ್ದೆ. ಅಂದು ಮೊದಲ ಸಲ ಸ್ಟಾರ್ಟ್ ಮಾಡಬೇಕಿತ್ತು. ಎಂಜಿನ್ ಶುರುಮಾಡಲು ಲಾರಿಯ ಮೂತಿಗೆ ಸಿಕ್ಕಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಮೂವರು ಮೆಕ್ಯಾನಿಕ್‌ಗಳು ತಿರುವಿ ತಿರುವಿ ಸೋತಿದ್ದರು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಹೆಬ್ಬೆಟ್ಟನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹ್ಯಾಂಡಲ್ ಹಿಡಿದರು. ನಮ್ಮಂತೆ ಗಿರಗಿರ ಸುತ್ತಲಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಜಗ್ಗಿದರು. ಲಾರಿ ಎರಡು ಸಲ ಕೆಮ್ಮಿ, ಹೊಗೆ ಉಗುಳಿ, ಇಡೀ ಮಂಡಿ ನಡುಗುವಂತೆ ಶುರುವಾಯಿತು! ಹಮಾಲರೆಲ್ಲ ಶಿಳ್ಳೆ ಹೊಡೆದರು.

"ನಮ್ಮನೇರು ಇಂಥದೇ ಲಾರಿ ಓಡುಸ್ತಿದ್ರು. ಅವ್ರು ಸೀಟ್‌ನಾಗೆ ಕುಂತ್ಕಂಡು ಮೀಸೆ ತಿರುವೋರು, ದಿನಾ ಹ್ಯಾಂಡ್ಲು ಹೊಡೀತಿದ್ದೋಳು ನಾನು!" ಎಂದು ಅಜ್ಜಿ ನಕ್ಕರು.

ಆ ಲಾರಿಯ ಅಂಗೈಯಗಲದ ಮಾದರಿಯೊಂದನ್ನು ತಗಡಿನಲ್ಲಿ ಮಾಡಿ ಮೇಜಿನ ಮೇಲಿಟ್ಟಿದ್ದೇನೆ. ಡ್ರೈವರ್ ಸೀಟು ಖಾಲಿ ಇದೆ. ಲಾರಿಯ ಮುಂದೆ ಮಾತ್ರ, ಸೆರಗು ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು ಹ್ಯಾಂಡಲ್ ಹಿಡಿದು ನಿಂತಿದ್ದಾರೆ.