ಅಂಗಾರ ಮತ್ತು 313ರ ಚೀಲ

ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಏನಿಲ್ಲವೆಂದರೂ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತೇವೆ. ಆದರೆ ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿ ಊಟ ತರಿಸಿಕೊಳ್ಳುವವರಿಗೆ ಆ ಹಂಗಿಲ್ಲ. ಅವರ ಕ್ಯಾರಿಯರ್‌ಗಳು ಅಗುಳು ಒಣಗಿ ಅಂಟಿಕೊಂಡೇ ಬರುತ್ತವೆ. ದಿನಾ ತೊಳೆಯುವವಳು ನಾನು, ನನಗೆ ಗೊತ್ತು. ಹಾಗಿರುವಾಗ ಒಂದು ಕ್ಯಾರಿಯರ್ ಮಾತ್ರ ಥಳಥಳ ಹೊಳೆಯುತ್ತಾ, ಒಳಗೆ ಎರಡು ಕಿತ್ತಳೆ ಹಣ್ಣು ಇಟ್ಟುಕೊಂಡು ಬಂದರೆ ಅನುಮಾನ ಬಾರದೆ ಇರುತ್ತದೆಯೇ?

"ಯಾರ್ದೋ ಅಂಗಾರ ಇದು?" ಎಂದು ಕೇಳಿದೆ.

"ಹೊಸಬರದ್ದಮ್ಮ" ಎಂದ. ಹಣ್ಣು ಸುಲಿದು ಅರ್ಧ ನನಗೂ ಕೊಟ್ಟ.

ಸಿಂಗಾಪುರದ ವುಡ್‌ಲ್ಯಾಂಡ್ಸ್‌ನಲ್ಲಿ ನನ್ನ ಮಗಳ ಮನೆಯಿಂದ ಎರಡು ಮಹಡಿ ಕೆಳಗೆ ಪ್ರಫುಲ್ಲಾಳ ಮನೆ. ಉಡುಪಿ ಕಡೆಯವಳು. ಅಡುಗೆ ಮಾಡಿ ಸುತ್ತಲಿನ ಬ್ಲಾಕ್‌ಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾಳೆ. ನಮ್ಮ ಯಜಮಾನರು ಹೋದ ಮೇಲೆ ನಾನು ಇಲ್ಲಿಗೆ ಬಂದೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ್ದರಿಂದ ಅವಳ ಅಡುಗೆಮನೆಗೆ ಇಳಿಯುತ್ತೇನೆ. ಊಟ ಹೊತ್ತು ಹಂಚುವವನು ಅಂಗಾರ.

ಅಂಗಾರ ಮೂಲ್ಕಿಯ ಹತ್ತಿರದವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಸಿಂಗಾಪುರಕ್ಕೆ ಬಂದವನು ಉಬಿಯ ಒಂದು ವರ್ಕ್‌ಶಾಪಿನಲ್ಲಿ ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ. ಮದುವೆಯಾಗಲಿಲ್ಲ. ವರ್ಕ್‌ಶಾಪ್ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಬಾಡಿಗೆಯ ಒಂದು ಕೋಣೆ, ಒಂದು ರೇಡಿಯೊ, ಮತ್ತೆ ಈ ಅಡುಗೆಮನೆ. ಪ್ರಫುಲ್ಲಾ ಕೊಡುವ ಸಂಬಳ ಸಣ್ಣದು. ಆದರೆ ಹಂಚಿ ಬಂದ ಮೇಲೆ ಇಲ್ಲಿ ನಮ್ಮ ಜೊತೆ ಕೂತು ಉಣ್ಣುತ್ತಾನೆ. ತುಳುವಿನಲ್ಲಿ ಬೈಸಿಕೊಳ್ಳಲು ಅವನಿಗೆ ಈ ಊರಿನಲ್ಲಿ ಇನ್ನೊಂದು ಮನೆಯಿಲ್ಲ. ನಾನಿದ್ದಾಗ ಪ್ರಫುಲ್ಲಾ ಕನ್ನಡದಲ್ಲಿ ಬೈಯುತ್ತಾಳೆ, ಅಷ್ಟೇ ವ್ಯತ್ಯಾಸ.

ಅವನು ಯಾರ ಮನೆಯನ್ನೂ ಹತ್ತಿ ಹೋಗುವುದಿಲ್ಲ. ಆಯಾ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಪಡಸಾಲೆಯ ಕಲ್ಲು ಮೇಜಿನ ಮೇಲೆ ಚೀಲ ಇಟ್ಟರೆ ಊಟದವರು ಇಳಿದು ಬಂದು ಒಯ್ಯುತ್ತಾರೆ. ಚೀಲಗಳ ಮೇಲೆ ನಂಬರಿನ ಚೀಟಿ ಅಂಟಿಸಿರುತ್ತದೆ. ಬ್ಲಾಕಿನ ನಂಬರು ಮೊದಲು, ಆಮೇಲೆ ಒಂದು ಗೆರೆ, ಆಮೇಲೆ ಅದು ಆ ಬ್ಲಾಕಿನ ಎಷ್ಟನೆಯ ಚೀಲ ಎಂಬ ಅಂಕಿ. ನಿವೃತ್ತ ಮೇಷ್ಟ್ರು ಬದರೀನಾಥರ ಚೀಲ 312-1. ಮೊದಲು ಪ್ರಫುಲ್ಲಾ ಪೆನ್ನಿನಲ್ಲಿ ಬರೆಯುತ್ತಿದ್ದಳು. ಈಗ ಅವಳ ಮಗ ಅವಿನ್ ಕಂಪ್ಯೂಟರಿನಿಂದ ಅಚ್ಚು ಹಾಕಿಕೊಡುತ್ತಾನೆ. ಅವನು ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಕಂಪನಿಯಲ್ಲಿ ಎಂಜಿನಿಯರು. ಕ್ಯಾರಿಯರ್‌ಗಳೆಲ್ಲ ಒಂದೇ ತರಹ, ಚೀಟಿ ಇರುವುದು ಚೀಲಕ್ಕೆ ಮಾತ್ರ. ಚೀಲ ಅಂಗಾರನ ವಶ, ನನ್ನ ಕೈಗೆ ಬರುವುದಿಲ್ಲ.

ಕಿತ್ತಳೆಯ ಮರುದಿನ ಫೋನು ಬಂತು. ಹೊಸದಾಗಿ ಊಟಕ್ಕೆ ಸೇರಿದ ವಿಶ್ವಜಿತ್. ಮನೆಯಿಂದಲೇ ಆಫೀಸು ಕೆಲಸ ಮಾಡುವ ಹುಡುಗ, ಬದರೀನಾಥರ ಬ್ಲಾಕಿನಲ್ಲೇ ರೂಮು.

"ಆಂಟಿ, ಇವತ್ತೂ ಊಟ ಬಂದಿಲ್ಲ. ಕೆಳಗೆ ಬದರೀನಾಥ್ ಅಂಕಲ್‌ದು ಮಾತ್ರ ಇತ್ತು. ಈ ವಾರ ಪೂರ್ತಿ ನೂಡಲ್ಸೇ ಗತಿ ನಂಗೆ."

ಪ್ರಫುಲ್ಲಾ ಸೌಟು ಹಿಡಿದೇ ತಿರುಗಿದಳು. "ಅಂಗಾರ, ಹೊಸಬರ ಊಟ ಎಲ್ಲಿ ಹೋಯ್ತು?"

ಅಂಗಾರ ಉಣ್ಣುತ್ತಿದ್ದ. "ದಿನಾ ಇಡ್ತಿದ್ದೇನಲ್ಲ ಅಕ್ಕ. ತಗೊಂಡು ಹೋದದ್ದನ್ನು ನಾನೇ ನೋಡಿದ್ದೇನೆ."

"ತಗೊಂಡವರು ಫೋನ್ ಯಾಕೆ ಮಾಡ್ತಾರೆ ಮಾರಾಯ?"

"ಅದು ನನಗೆಂತ ಗೊತ್ತು. ಹಣ್ಣು ಕೂಡ ಕೊಟ್ಟಿದ್ದಾರೆ."

"ಹಣ್ಣು ಕೊಟ್ಟು, ಊಟ ಬರ್ಲಿಲ್ಲ ಅಂತಾರಾ? ನಾನೆಂತ ಮಂಗನಾ? ನಾಳೆಯೂ ಹೀಗೇ ಆದ್ರೆ ನಾಡಿದ್ದಿನಿಂದ ಬರೋದೇ ಬೇಡ ನೀನು."

ಅಂಗಾರ ಅರ್ಧ ಊಟಕ್ಕೇ ಎದ್ದು, ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ.

ನನಗೆ ಕನಿಕರ ಬರಲಿಲ್ಲ, ಅನುಮಾನ ಗಟ್ಟಿಯಾಯಿತು. ಈಚೆಗೆ ಅವನು ತಲೆಗೆ ಎಣ್ಣೆ ಹಚ್ಚುತ್ತಿದ್ದ. ಜೇಬಿನಲ್ಲಿ ಬಾಚಣಿಗೆ ಬಂದಿತ್ತು. ಊಟವನ್ನು ಯಾರಿಗೋ ಮಾರಿಕೊಳ್ಳುತ್ತಿದ್ದಾನೆ, ಇಲ್ಲವೇ ಯಾರಿಗೋ ಉಣಿಸುತ್ತಿದ್ದಾನೆ ಎಂದುಕೊಂಡು ಮರುದಿನ ಅವನ ಹಿಂದೆಯೇ ಹೊರಟೆ.

312ರ ಕಲ್ಲು ಮೇಜಿನ ಮೇಲೆ ಒಂದೇ ಒಂದು ಚೀಲ ಇಟ್ಟ. ಅದು ಬದರೀನಾಥರದ್ದು. ಇನ್ನೊಂದನ್ನು ಹಿಡಿದುಕೊಂಡೇ ಮುಂದಿನ ಬ್ಲಾಕಿಗೆ ನಡೆದ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಅಲ್ಲಿ ಮೇಜಿನ ಮುಂದೆ ಚೀನೀ ಅಜ್ಜಿಯೊಬ್ಬಳು ಚಮಚ ಹಿಡಿದು ಕಾದು ಕೂತಿದ್ದಳು. ಅಂಗಾರ ಚೀಲ ಇಟ್ಟ. ಮಲಯ್ ಭಾಷೆಯಲ್ಲಿ ಏನೋ ಅಂದ. ಅಜ್ಜಿ ನಕ್ಕಳು.

"ಏನೋ ಇದು ಅಂಗಾರ!" ಎಂದು ಕೂಗಿಕೊಂಡೇ ಹೋದೆ.

ಅವನು ಹೆದರಲೇ ಇಲ್ಲ. "ನೀವೆಂತ ಇಲ್ಲಿ ಅಮ್ಮ?"

"ಆ ಹುಡುಗನ ಊಟ ಇವಳಿಗ್ಯಾಕೆ ಕೊಡ್ತಿದ್ದೀಯ?"

"ಯಾವ ಹುಡುಗ? ಹೊಸಬರು ಇವರೇ ಅಲ್ವಾ?" ಎಂದು ಚೀಲ ತಿರುಗಿಸಿ ತೋರಿಸಿದ. ಅಕ್ಷರ ನನಗೆ ಅಷ್ಟಕ್ಕಷ್ಟೇ, ಅಂಕಿ ಬರುತ್ತದೆ. 313-1 ಎಂದಿತ್ತು. ತಲೆಯೆತ್ತಿ ಕಂಬದ ಮೇಲಿನ ಬ್ಲಾಕ್ ನಂಬರು ನೋಡಿದೆ. ಅದೂ 313.

"ಉಬಿಯಲ್ಲಿ ನಮ್ಮ ಬಾಸ್ ಹೇಳ್ತಿದ್ದದ್ದು ಒಂದೇ. ಚೀಟಿ ನೋಡು, ತಲೆ ಓಡಿಸಬೇಡ. ನಾನು ಓಡಿಸ್ಲಿಲ್ಲ" ಎಂದ.

ಅಜ್ಜಿ ಇದು ಯಾವುದೋ ದೇವಸ್ಥಾನದವರು ಮುದುಕರಿಗೆ ಕಳಿಸುವ ಊಟ ಎಂದುಕೊಂಡಿದ್ದಳಂತೆ. ಪುಕ್ಕಟೆ ತಿನ್ನಬಾರದೆಂದು ಹಣ್ಣು ಇಟ್ಟಿದ್ದಳು.

ಸಂಜೆ ಅವಿನ್ ಕೆಲಸದಿಂದ ಬರುವುದನ್ನೇ ಕಾದು ಪ್ರಫುಲ್ಲಾ ಚೀಲವನ್ನು ಅವನ ಮುಂದೆ ಹಿಡಿದಳು. "312ಕ್ಕೆ ಇನ್ನೊಂದು ಚೀಟಿ ಮಾಡು ಅಂದ್ರೆ ಇದೆಂತ ಮಾಡಿದ್ದು?"

ಅವಿನ್ ಲ್ಯಾಪ್‌ಟಾಪ್ ತೆಗೆದು ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಸಾರಿ ಲಾ ಅಮ್ಮ. ನಾನು ಬರೆದ ಪ್ರೋಗ್ರಾಂ ಹಿಂದಿನ ನಂಬರ್ ತಗೊಂಡು ಒಂದು ಕೂಡಿಸುತ್ತೆ. ಗೆರೆ ಆದ್ಮೇಲೆ ಇರೋ ಒಂದಕ್ಕೆ ಕೂಡಿಸ್ಬೇಕಿತ್ತು, 312-2 ಅಂತ ಬರ್ಬೇಕಿತ್ತು. ಅದು ಫಸ್ಟ್ ಸಿಕ್ಕಿದ ನಂಬರಿಗೇ ಕೂಡಿಸ್ಬಿಟ್ಟಿದೆ."

"ಅಂದ್ರೆ ಇನ್ನೊಬ್ಬರು ಸೇರಿದ್ರೆ 314ಕ್ಕೆ ಹೋಗ್ತಿತ್ತು?"

"ಹೂಂ."

"ಮತ್ತೊಬ್ಬರು ಸೇರಿದ್ರೆ 315! ಹೀಗೇ ಬಿಟ್ಟಿದ್ರೆ ನನ್ನ ಸಾಂಬಾರು ಸೇತುವೆ ದಾಟಿ ಮಲೇಷ್ಯಾದ ಜೊಹೋರ್ ಸೇರ್ತಿತ್ತು. ಪಾಪದ ಅಂಗಾರನನ್ನು ಹೊರಗೆ ಹಾಕ್ತಿದ್ದೆನಲ್ಲೋ!"

ಮರುದಿನ ಬೆಳಿಗ್ಗೆ ಅಂಗಾರ ಬಂದಾಗ ಅವಳು ತುಳುವಿನಲ್ಲಿ ಏನೋ ಅಂದಳು. ಬೈದಂತೆಯೇ ಕೇಳಿಸಿತು. ಅವನು ಮಾತ್ರ ಹಲ್ಲು ಕಿರಿದು ಚೀಲಗಳನ್ನು ಎತ್ತಿಕೊಂಡ. ವಿಶ್ವಜಿತ್‌ಗೆ ಊಟ ಸಿಕ್ಕಿತು, ಅವನ ಕ್ಯಾರಿಯರ್ ಎಲ್ಲರದರಂತೆ ಅಗುಳು ಅಂಟಿಸಿಕೊಂಡು ಬಂತು.

ಆದರೆ 313-1ರ ಚೀಲವನ್ನು ಅವನು ಎಸೆಯದೆ ಗೋಡೆಯ ಮೊಳೆಗೆ ತೂಗುಹಾಕಿಕೊಂಡ. "ಗಟ್ಟಿ ಚೀಲ, ಇರಲಿ" ಎಂದ ಅಂಗಾರ. ಆ ವಾರವಿಡೀ ಅವನ ತಟ್ಟೆ ನನ್ನ ಬಚ್ಚಲಿಗೆ ಬರಲಿಲ್ಲ. ಕೇಳಿದರೆ, ತನ್ನ ಪಾಲಿನ ಊಟ ಕ್ಯಾರಿಯರಿಗೆ ಹಾಕಿಕೊಂಡು ರೂಮಿಗೆ ಒಯ್ಯುತ್ತೇನೆ ಎಂದ. ರೂಮಿಗೆ ಒಯ್ದ ಕ್ಯಾರಿಯರ್ ನಿಂಬೆಯ ಸೋಪಿನ ವಾಸನೆ ಹೊತ್ತು, ಒಳಗೆ ಎರಡು ಬಿಸ್ಕತ್ತು ಇಟ್ಟುಕೊಂಡು ಬಂತು.

ನಾನು ಅದನ್ನು ಒರೆಸುತ್ತಾ, ಅವನ ಮುಖ ನೋಡದೆ ಕೇಳಿದೆ. "ಅಂಗಾರ, ನಮ್ಮ ಸಾರು ಆ ಅಜ್ಜಿಗೆ ಖಾರ ಆಗಲ್ವೇನೋ?"

"ಆಗ್ತದಮ್ಮ, ಮೂಗಿನಲ್ಲಿ ನೀರು ಬರ್ತದೆ. ಆದ್ರೂ ನನಗೆ ಒಂದು ಚಮಚ ಉಳಿಸೋದಿಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ.

ಪ್ರಫುಲ್ಲಾ ಒಲೆಯ ಕಡೆಯಿಂದ ತಿರುಗಿ ಅವನನ್ನು ನೋಡಿದಳು. ಆಮೇಲೆ ಅವನ ಕೈಯಿಂದ ಕ್ಯಾರಿಯರ್ ಕಸಿದುಕೊಂಡು ಅನ್ನ ಬಡಿಸತೊಡಗಿದಳು. "ಇಬ್ಬರು ಉಣ್ಣೋದಕ್ಕೆ ಇಷ್ಟು ಸಾಕಾ ಬೋದಾಳ? ಮೊದಲೇ ಹೇಳಬಾರದಾ?"

ಊಟದ ಲೆಕ್ಕ ಅಲ್ಲಿಗೆ ಸರಿಹೋಯಿತು. ಜೇಬಿನ ಬಾಚಣಿಗೆಯ ವಿಷಯ ಮಾತ್ರ ನಾನು ಇನ್ನೂ ಬಿಟ್ಟಿಲ್ಲ.