ವರ್ಲಿನ್ ಪ್ರೂಯಿಟ್ ಓದಿದ ತನ್ನದೇ ವರದಿ

ವರ್ಲಿನ್ ಪ್ರೂಯಿಟ್ ಪ್ರತಿ ಬೇಸಿಗೆಯಲ್ಲೂ ಮೂರು ಸಲ ನಮ್ಮೂರಿಗೆ ಬರುತ್ತಿದ್ದ. ಕ್ಯಾರೊಲಿನಾದ ಬೆಟ್ಟಗಳ ಬುಡದಲ್ಲಿರುವ ನಮ್ಮ ಹ್ಯಾಲೋವೆಲ್‌ನಲ್ಲಿ ಬಟ್ಟೆಗಿರಣಿ ಮುಚ್ಚಿದ ಮೇಲೆ ಸದ್ದು ಅಂತ ಉಳಿದದ್ದು ಬೇಸ್‌ಬಾಲ್ ಮೈದಾನದಲ್ಲಿ ಮಾತ್ರ. ನಗರದ ದೊಡ್ಡ ತಂಡವೊಂದು ತನ್ನ ಎಳೆಯ ಆಟಗಾರರನ್ನು ಪಳಗಲಿ ಎಂದು ಇಲ್ಲಿಗೆ ಕಳಿಸುತ್ತಿತ್ತು. ಇಪ್ಪತ್ತೈದು ಮಂದಿ ಬಂದರೆ ಮುಂದೆ ಆ ದೊಡ್ಡ ತಂಡದ ಅಂಗಿ ತೊಡುವವರು ಒಬ್ಬರೋ ಇಬ್ಬರೋ. ಆ ಒಬ್ಬ ಯಾರೆಂದು ಮೊದಲೇ ಗುರುತಿಸಿ ಬರೆದು ಕಳಿಸುವುದು ವರ್ಲಿನ್‌ನ ಕೆಲಸ. ನಾನು ಲೂಥರ್, ಆ ಮೈದಾನದ ಹುಲ್ಲು ಮಣ್ಣು ನೋಡಿಕೊಳ್ಳುವವನು.

ಅವನು ಕೂರುತ್ತಿದ್ದದ್ದು ಮೂರನೇ ಸಾಲಿನಲ್ಲಿ, ಬ್ಯಾಟು ಹಿಡಿದವನ ಬೆನ್ನಹಿಂದಿನ ಬಲೆಯ ಪಕ್ಕ. ಹೊಡೆತ, ಬಲ, ಓಟ, ಎಸೆತ, ಹಿಡಿತ ಎಂಬ ಐದು ವಿದ್ಯೆಗಳಿಗೂ ಇಪ್ಪತ್ತರಿಂದ ಎಂಬತ್ತರೊಳಗೆ ಅಂಕ ಕೊಡಬೇಕು. ಐವತ್ತು ಬಂದರೆ ದೊಡ್ಡ ತಂಡದಲ್ಲಿ ಬದುಕಿಕೊಳ್ಳಬಹುದು. ಅಂಕ ಬರೆದಾದ ಮೇಲೂ ಅವನು ಏಳುತ್ತಿರಲಿಲ್ಲ. ಆಟ ಮುಗಿದು, ಹುಡುಗರು ಹೋಗಿ, ನಾನು ಮಣ್ಣಿಗೆ ನೀರು ಚಿಮುಕಿಸುವಾಗಲೂ ಕಣ್ಣು ಅರೆ ಮುಚ್ಚಿಕೊಂಡು ಅಲ್ಲೇ ಇರುತ್ತಿದ್ದ. ಒದ್ದೆ ಮಣ್ಣಿನ ವಾಸನೆ ಮೇಲೇಳುತ್ತಿದ್ದಂತೆ ಅವನ ಮುಖ ಇಪ್ಪತ್ತರ ಹುಡುಗನದ್ದಾಗುತ್ತಿತ್ತು.

ಅವನೂ ಒಂದು ಕಾಲಕ್ಕೆ ಇದೇ ತಂಡದ ಎಳೆಯ ಆಟಗಾರನಾಗಿದ್ದ. ಆ ಮುಖದ ಹಿಂದಿನ ಕಥೆ ಊರಿಗೆಲ್ಲ ಗೊತ್ತಿತ್ತು. ಆರ್ಡೆತ್ ಅಕ್ಕನ ಹೋಟೆಲಿನಲ್ಲಿ ಪೀಚ್ ಕಡುಬು ತಿನ್ನುತ್ತ ಅವನೇ ನೂರು ಸಲ ಹೇಳಿದ್ದ.

"ಅರವತ್ನಾಲ್ಕನೇ ಇಸ್ವಿ, ಆಗಸ್ಟ್ ಇಪ್ಪತ್ತೊಂದು. ಓಡ್ತಾ ಎರಡನೇ ಬೇಸ್ ಮುಟ್ಟೋಕೆ ನೆಲದ ಮೇಲೆ ಜಾರಿದೆ. ಮಂಡಿ ಹೋಯ್ತು. ಇಲ್ದೆ ಹೋಗಿದ್ರೆ..."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಆರ್ಡೆತ್ ಅಕ್ಕ ಕಾಫಿ ಸುರಿಯುತ್ತ, "ಇಲ್ದೆ ಹೋಗಿದ್ರೆ ನನ್ನ ಕಡುಬು ತಿನ್ನೋಕೆ ಯಾರಪ್ಪ ಬರ್ತಿದ್ರು?" ಎನ್ನುತ್ತಿದ್ದಳು. ಅವನು ನಗುತ್ತಿದ್ದ, ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು.

ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದಾಗ ಅವನನ್ನು ನೋಡಲು ಬಂದವನು ಹಾರ್ಲನ್ ಕ್ರೀಚ್, ಆಟಗಾರರನ್ನು ಅಳೆದು ಅಂಕ ಬರೆದು ಕಳಿಸುತ್ತಿದ್ದ, ಅದೇ ತಂಡದ ಹಳೆಯ ಪರೀಕ್ಷಕ. "ಆಡೋಕಾಗ್ದಿದ್ರೆ ಏನಂತೆ, ನೋಡೋಕೆ ಬಾ," ಎಂದು ಕರೆದವನೂ ಅವನೇ. ಹನ್ನೆರಡು ವರ್ಷ ಇಬ್ಬರೂ ಒಂದೇ ಕಾರಿನಲ್ಲಿ ಊರೂರು ತಿರುಗಿದರು. ಹಾರ್ಲನ್ ಸತ್ತಾಗ ವರ್ಲಿನ್ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟ.

ತೊಂಬತ್ತೇಳರ ಜುಲೈಯಲ್ಲಿ ಮೈದಾನದ ವಿಳಾಸಕ್ಕೆ ಅವನ ಹೆಸರಿನ ಲಕೋಟೆಯೊಂದು ಬಂತು. ತಂಡದ ಕಚೇರಿಯಲ್ಲಿ ಹಳೆಯ ಕಾಗದಗಳನ್ನೆಲ್ಲ ತೆಗೆದು ಕಂಪ್ಯೂಟರಿಗೆ ಏರಿಸುತ್ತಿದ್ದರಂತೆ. ಅಲ್ಲಿಯ ಗುಮಾಸ್ತೆಯೊಬ್ಬಳು, 'ನಿಮ್ಮ ಎಳೆಯ ದಿನಗಳ ಕಾಗದ, ಎಸೆಯಲು ಮನಸ್ಸು ಬರಲಿಲ್ಲ' ಎಂದು ಚೀಟಿ ಬರೆದು ಕಳಿಸಿದ್ದಳು. ಓದದೆ ಕಳಿಸಿದ್ದಳೆಂದು ನನಗನ್ನಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಖಾಲಿ ಮೈದಾನದ ಬೆಂಚಿನ ಮೇಲೆ ಕೂತು ಅವನು ಅದನ್ನು ಬಿಚ್ಚಿದ. ಎರಡು ಸಲ ಓದಿದ. ಆಮೇಲೆ ಕಾಗದವನ್ನು ನನ್ನತ್ತ ಚಾಚಿದ.

ಅರ್ಧ ಪುಟದ ವರದಿ. ಆಟಗಾರ: ವರ್ಲಿನ್ ಪ್ರೂಯಿಟ್, ಇಪ್ಪತ್ತೊಂದು ವರ್ಷ. ಓಟ ಐವತ್ತು. ಹೊಡೆತ ಮೂವತ್ತು. 'ಬಾಗಿ ಬರುವ ಎಸೆತ ಇವನಿಗೆ ಕಾಣುವುದಿಲ್ಲ. ಕಲಿಸಿದರೂ ಕಂಡೀತೆಂದು ನಂಬಿಕೆಯಿಲ್ಲ. ಇವನು ಮೇಲಕ್ಕೆ ಹೋಗುವುದಿಲ್ಲ.' ಕೆಳಗೆ ಹಾರ್ಲನ್ ಕ್ರೀಚ್‌ನ ಸಹಿ. ತಾರೀಖು ಜುಲೈ ಒಂಬತ್ತು, ಅರವತ್ನಾಲ್ಕು.

"ಜುಲೈ," ಎಂದ ವರ್ಲಿನ್. "ಮಂಡಿ ಹೋಗೋಕೆ ಇನ್ನೂ ಆರು ವಾರ ಇತ್ತು."

"ಹಾರ್ಲನ್ ಲೆಕ್ಕಾನೂ ತಪ್ಪಿರಬಹುದು ಬಿಡೋ," ಎಂದೆ.

"ಹನ್ನೆರಡು ವರ್ಷ ಪಕ್ಕದಲ್ಲೇ ಕೂತಿದ್ದ ಕಣೋ. ನಾನು ಮಂಡಿ ಕಥೆ ಹೇಳ್ದಾಗೆಲ್ಲ ಕಿಟಕಿಯಾಚೆ ನೋಡ್ತಿದ್ದ. ಪಾಪ, ನನ್ನ ನೋವಿಗೆ ಮರುಗ್ತಾನೆ ಅಂದ್ಕೊಂಡಿದ್ದೆ."

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಗೇಟು ತೆಗೆಯುವಾಗ ಅವನು ಆಗಲೇ ಅಲ್ಲಿ ನಿಂತಿದ್ದ. ನದಿಯಿಂದ ಎದ್ದ ಮಂಜು ಮೈದಾನದ ತುಂಬ ಹಾಸಿಕೊಂಡಿತ್ತು, ದೂರದ ಬೇಲಿಯ ತುದಿ ಮಾತ್ರ ತೇಲುವಂತೆ ಕಾಣುತ್ತಿತ್ತು. ವರ್ಲಿನ್‌ನ ಕೈಯಲ್ಲಿ ಬ್ಯಾಟಿತ್ತು.

"ಗಿರಣಿ ತಂಡಕ್ಕೆ ಎಸೀತಿದ್ದೆ ಅಲ್ವಾ ನೀನು? ಬಾಗೋ ಎಸೆತ ಹಾಕು, ನೋಡಣ."

"ಈ ವಯಸ್ಸಲ್ಲಿ ನನ್ನ ತೋಳು ಕಿತ್ಕೊಂಡು ಬರತ್ತೆ ಮಾರಾಯ."

"ನನ್ನ ಸೊಂಟಾನೂ ಬರ್ಲಿ ಜೊತೆಗೆ. ಹಾಕು."

ಹಾಕಿದೆ. ನನ್ನ ಎಸೆತಕ್ಕೆ ವೇಗ ಎಲ್ಲಿಂದ ಬರಬೇಕು! ಚೆಂಡು ಮಂಜಿನೊಳಗಿಂದ ಸೋಮಾರಿಯಾಗಿ ಹೊರಟು ಅವನ ಹತ್ತಿರ ಹೋಗಿ ಕೆಳಕ್ಕೆ ವಾಲುತ್ತಿತ್ತು. ಅವನು ಬೀಸಿದ, ತಪ್ಪಿತು. ಮತ್ತೆ ಬೀಸಿದ. ಬ್ಯಾಟು ಗಾಳಿ ಸೀಳುವ ಸದ್ದು, ಚೆಂಡು ಬಲೆಗೆ ಬೀಳುವ ಸದ್ದು, ಅಷ್ಟೇ. ಹದಿನಾಲ್ಕು ಎಸೆತ ಎಣಿಸಿದೆ, ಒಂದಕ್ಕೂ ಬ್ಯಾಟು ತಾಗಲಿಲ್ಲ. ಹದಿನಾಲ್ಕನೆಯದಕ್ಕೆ ಅವನು ಮಣ್ಣಿನ ಮೇಲೆ ಕುಕ್ಕರಿಸಿ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಕಾಣಲ್ಲ ಕಣೋ ಲೂಥರ್! ನಿಜವಾಗ್ಲೂ ಕಾಣಲ್ಲ! ಆಗ್ಲೂ ಕಾಣ್ತಿರ್ಲಿಲ್ಲ!"

ಅಷ್ಟರಲ್ಲಿ ಮಂಜಿನೊಳಗಿಂದ ಎಲಿಯೆಸರ್ ಬ್ರಿಟೊ ಬಂದ. ಡೊಮಿನಿಕನ್ ನಾಡಿನ ಬಾನಿ ಊರಿನವನು, ಇಪ್ಪತ್ತೆರಡು ವರ್ಷ, ಹೊರ ಮೈದಾನದಲ್ಲಿ ಜಿಂಕೆಯಂತೆ ಓಡುವವನು. ನಮ್ಮಲ್ಲಿ ಅದು ಅವನ ಮೂರನೇ ಬೇಸಿಗೆ. ಎಲ್ಲರಿಗಿಂತ ಮೊದಲು ಬಂದು ಒಬ್ಬನೇ ಬ್ಯಾಟು ಬೀಸುವುದು ಅವನ ರೂಢಿ.

"ಏನಾಯ್ತು ಡಾನ್ ವರ್ಲಿನ್? ಬಿದ್ರಾ?" ಹಿರಿಯರನ್ನು ಅವನ ನಾಡಿನಲ್ಲಿ ಗೌರವದಿಂದ 'ಡಾನ್' ಎಂದು ಕರೆಯುತ್ತಾರೆ.

"ಬಿದ್ದು ಮೂವತ್ಮೂರು ವರ್ಷ ಆಯ್ತಪ್ಪ. ಇವತ್ತು ಗೊತ್ತಾಯ್ತು."

ಬ್ರಿಟೊ ಕೈ ಚಾಚಿ ಅವನನ್ನು ಎಬ್ಬಿಸಿದ. ವರ್ಲಿನ್ ಆ ಕೈಯನ್ನು ಬಿಡಲಿಲ್ಲ. ಹಿಂದಿನ ವಾರವಷ್ಟೇ ಅವನು ಈ ಹುಡುಗನ ಬಗ್ಗೆ ಬರೆದು ಕಳಿಸಿದ್ದ. ಪರೀಕ್ಷಕರು ಬರೆದದ್ದನ್ನು ಆಟಗಾರನಿಗೆ ಹೇಳುವಂತಿಲ್ಲ, ಅದು ಕೆಲಸದ ಮೊದಲ ಕಟ್ಟಳೆ.

"ಎಲಿಯೆಸರ್, ನಿನ್ನ ಬಗ್ಗೆ ನಾನು ಏನು ಬರ್ದಿದೀನಿ ಗೊತ್ತಾ? ಕೇಳೋಕೆ ಇಷ್ಟ ಇಲ್ದಿದ್ರೆ ಬೇಡ ಅನ್ನು."

ಹುಡುಗ ಕೈ ಬಿಡಿಸಿಕೊಂಡ. "ಹೇಳಿ."

"ನಿನ್ನಂಗೆ ಚೆಂಡು ಹಿಡಿಯೋರು ಮೇಲೂ ಜಾಸ್ತಿ ಇಲ್ಲ. ಹಿಡಿತಕ್ಕೆ ಅರವತ್ತು ಕೊಟ್ಟಿದೀನಿ. ಹೊಡೆತಕ್ಕೆ ಮೂವತ್ತು. ವೇಗದ ಚೆಂಡು ಬರೋದು ನಿನಗೆ ತಡವಾಗಿ ಕಾಣತ್ತೆ. ನೀನು ಮೇಲಕ್ಕೆ ಹೋಗಲ್ಲ ಅಂತ ಬರ್ದಿದೀನಿ. ಈ ಬೇಸಿಗೆ ಆದ್ಮೇಲೆ ನಿನ್ನ ಕಳಿಸ್ಬಿಡ್ತಾರೆ ಅನ್ಸತ್ತೆ."

ಬ್ರಿಟೊ ಬೇಲಿಯ ಕಡೆ ತಿರುಗಿದ. ಮಂಜು ಕರಗುತ್ತಿತ್ತು.

"ಕಾಗದ ನಿಮ್ದು ಡಾನ್ ವರ್ಲಿನ್," ಎಂದ. "ಬ್ಯಾಟು ನಂದು."

"ಸರಿ."

"ನೀವು ಎಷ್ಟು ಸಲ ತಪ್ಪಿದೀರ?"

"ತುಂಬ ಸಲ. ಈ ಸಲ ತಪ್ಪಿಲ್ಲ ಅನ್ಸತ್ತೆ."

"ನೋಡಣ," ಎಂದು ಅವನು ತನ್ನ ಬ್ಯಾಟು ಎತ್ತಿಕೊಂಡು ನನ್ನತ್ತ ತಿರುಗಿದ. "ಲೂಥರ್ ಮಾಮ, ವೇಗವಾಗಿ ಎಸೀರಿ. ಅಜ್ಜನಿಗೆ ಎಸೆದಂಗೆ ಬೇಡ."

ಸೆಪ್ಟೆಂಬರಿನಲ್ಲಿ ತಂಡ ಬ್ರಿಟೊನನ್ನು ಕೈಬಿಟ್ಟಿತು. ವರ್ಲಿನ್ ಅವನಿಗೆ ಹೇಳಿದ ವಿಷಯ ಕಚೇರಿಯವರಿಗೂ ಮುಟ್ಟಿತ್ತು, ಗದರಿಸಿ ಕಾಗದ ಬಂತು. ಅವನು ಅದನ್ನು ಮಡಿಸಿ ಕಾರಿನ ಮುಂದಿನ ಖಾನೆಯಲ್ಲಿಟ್ಟ. ಹೇಳುವುದನ್ನೇನೂ ಬಿಡಲಿಲ್ಲ. ಕೇಳಿದ ಹುಡುಗರಿಗೆ ಒಬ್ಬೊಬ್ಬರಿಗೇ, ಮೆತ್ತಗೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಕೆಲವರು ಬೈದರು, ಒಬ್ಬ ಅಪ್ಪಿಕೊಂಡು ಅತ್ತ. ಹಾರ್ಲನ್ ತನಗೆ ಮಾಡಿದ್ದು ಕರುಣೆಯೋ ಮೋಸವೋ ಎಂದು ಅವನು ನನ್ನನ್ನು ಎರಡು ಸಲ ಕೇಳಿದ. ಎರಡು ಸಲವೂ ನನಗೆ ಗೊತ್ತಿಲ್ಲವೆಂದೆ. ಹಾರ್ಲನ್‌ನ ಸಮಾಧಿಗೆ ಹೂವಿಡಲು ಹೋಗುವುದನ್ನಂತೂ ಅವನು ನಿಲ್ಲಿಸಲಿಲ್ಲ.

ಬ್ರಿಟೊ ತನ್ನೂರು ಬಾನಿಗೆ ಮರಳಲಿಲ್ಲ. ಯಾವ ದೊಡ್ಡ ತಂಡಕ್ಕೂ ಸೇರದ, ಕರಾವಳಿಯ ಒಂದು ಪುಟ್ಟ ಕೂಟದಲ್ಲಿ ಎರಡು ವರ್ಷ ಆಡಿದ. ಎರಡನೇ ವರ್ಷದ ಜೂನಿನಲ್ಲಿ ವರ್ಲಿನ್ ನನ್ನನ್ನು ಕಾರಿಗೆ ಹತ್ತಿಸಿಕೊಂಡು ನಾಲ್ಕು ಗಂಟೆ ಓಡಿಸಿದ. ಕಡಲಿನ ಪಕ್ಕದ ಮೈದಾನ, ಇನ್ನೂರು ಜನ ಇದ್ದರೆ ಹೆಚ್ಚು. ನಾವು ಹೊರ ಮೈದಾನದ ಬೇಲಿಗೆ ಆತುಕೊಂಡು ಹುಲ್ಲಿನ ಮೇಲೆ ಕೂತೆವು. ಬ್ರಿಟೊ ಬ್ಯಾಟು ಹಿಡಿದ ಮೂರು ಸಲವೂ ಔಟಾದ.

ಸಂಜೆ ಇಳಿಯುವಾಗ ಎದುರಾಳಿಯೊಬ್ಬ ಚೆಂಡನ್ನು ನಮ್ಮ ಕಡೆಗೇ ಎತ್ತಿ ಹೊಡೆದ. ಅದು ಕೆಂಪು ಆಕಾಶದಲ್ಲಿ ಕರಗಿ ಹೋದಂತಾಯಿತು. ಬ್ರಿಟೊ ಒಂದು ಸಲವೂ ಮೇಲೆ ನೋಡದೆ, ಬೆನ್ನು ಹಾಕಿ ಓಡಿ ಬಂದ, ನಮ್ಮೆದುರೇ ಬೇಲಿಗೆ ಒಂದು ಕಾಲಿಟ್ಟು ಎಗರಿದ, ಎಲ್ಲಿಂದಲೋ ಚೆಂಡು ಬಂದು ಅವನ ಗ್ಲೌಸಿನಲ್ಲಿ ಕೂತಿತು. ಇಳಿಯುವಾಗ ಅವನು ನಮ್ಮನ್ನು ಕಂಡ.

"ಡಾನ್ ವರ್ಲಿನ್! ಇದಕ್ಕೆಷ್ಟು?"

ವರ್ಲಿನ್ ಆಗಲೇ ಎದ್ದು ನಿಂತಿದ್ದ. ಎರಡೂ ಕೈ ಮೇಲೆತ್ತಿ ಚಿಕ್ಕ ಹುಡುಗನಂತೆ ಕೂಗುತ್ತಿದ್ದ, ಆ ಪ್ರಶ್ನೆ ಅವನ ಕಿವಿಗೆ ಬೀಳಲೇ ಇಲ್ಲ.