ಬಸ್ಸಿನ್ಯಾಗ ಸಿಕ್ಕ ಸಾಕ್ಷಿ

ಲಕ್ವಾ ಹೊಡದ ಮ್ಯಾಲೆ ನನ್ನ ಎಡಗಾಲು ಎಳೀತಿತ್ತು, ಮಾತು ತೊದಲತಿತ್ತು. ಆದ್ರೂ ಹೆಂಡತಿ ಬ್ಯಾಡ ಅಂದ್ರೂ ಹಟ ಮಾಡಿ, ಬಿಪಿ ತೋರಿಸಿಕೊಂಡು ಬರಾಕ ಗೋವಾದ ಸಡಾದಿಂದ ವಾಸ್ಕೋ ಬಸ್ ಒಬ್ಬನ ಹತ್ತಿದೆ.

ಕಂಡಕ್ಟರ್ ನಮ್ಮ ಕಡೆಯವನ. ನಾ ಟಿಕೆಟ್ ಕೇಳಿದ್ದ ತಡ, "ಮುಂಜಾನೆನ ಹಾಕ್ಕೊಂಡ ಬಂದೀರೇನ್ರಿ? ಇಳೀರಿ" ಅಂದ.

"ನಾ ಕುಡದಿಲ್ಲಪಾ" ಅಂದೆ. ಅದೂ ತೊದಲೇ ಬಂತು. ಬಸ್ಸಿಗೆ ಬಸ್ಸ ನಕ್ಕಿತು.

ಆಗ ಖರೇನ ಕುಡದಾವ ಒಬ್ಬ ಹಿಂದಿನ ಸೀಟಿನಿಂದ ತೂರಾಡಕೋತ ಬಂದು ನನ್ನ ಬಾಯಿ ಮೂಸಿ ನೋಡಿದ. "ಒಂದ ಹನಿನೂ ಇಲ್ಲ! ಈ ವಿಷಯದಾಗ ನನಗ ಯಾರೂ ಮೋಸ ಮಾಡಾಕ ಆಗೂದಿಲ್ಲ. ನಮ್ಮಪ್ಪಗೂ ಹಿಂಗ ಲಕ್ವಾ ಹೊಡದಿತ್ತು. ಲೇ ಕಂಡಕ್ಟರ್, ಸೀಟ್ ಕೊಡು!"

ಕಂಡಕ್ಟರ್ ನಾಚಿ ಸೀಟು ಬಿಡಿಸಿಕೊಟ್ಟ.

ವಾಸ್ಕೋದಾಗ ಇಳದ ಮ್ಯಾಲೂ ಆ ಪುಣ್ಯಾತ್ಮ ನನ್ನ ಕೈ ಬಿಡಲಿಲ್ಲ. ಇಬ್ಬರೂ ವಾಲಾಡಕೋತ, ನಕ್ಕೋತ ದವಾಖಾನಿ ಮುಟ್ಟಿದಿವಿ. ನನ್ನ ಬಿಪಿ ಚಲೋ ಇತ್ತು. ನನಗ ಹುಚ್ಚು ಖುಷಿ! ಅವನೂ ತೋಳು ಚಾಚಿದ. ಅವನ ಬಿಪಿ ನೋಡಿ ಸಿಸ್ಟರ್ ಗಾಬರಿಯಾದ್ಲು.

ನನಗ ಜೀವ ತಡೀಲಿಲ್ಲ. "ಉಪ್ಪು ಕಡಿಮಿ ಮಾಡು, ಗುಳಿಗಿ ತಪ್ಪಸಬ್ಯಾಡ, ದಿನಾ ನಡದಾಡು, ಕುಡಿಯೂದು ಬಿಡು" ಅಂತ ತೊದಲಕೋತನ ಹೇಳಿದೆ.

ಅವ ತಲಿ ಅಲ್ಲಾಡಿಸಿದ. "ಎಲ್ಲಾ ತಿಳೀತ್ರಿ ಅಣ್ಣಾರ. ಕಡೀ ಮಾತೊಂದ ಸ್ವಲ್ಪ ತೊದಲಿತು ನೋಡ್ರಿ."